ಉತ್ತರ ಆಮೇಲೆ ನೋಡು ಪುಟ್ಟಿ

"ದಿನಕ್ಕೆ ನೂರು ಲೆಕ್ಕ ಮಾಡ್ತಾಳೆ ಮೇಡಂ, ಆದ್ರೂ ಟೆಸ್ಟಲ್ಲಿ ಮಾರ್ಕ್ಸು ಏರ್ತಾನೇ ಇಲ್ಲ. ಯಾರ ಕಣ್ಣು ಬಿತ್ತೋ ಏನೋ" ಅಂದಳು ಪಕ್ಕದ ಮನೆಯಾಕೆ, ಕಾಂಪೌಂಡಿನ ಮೇಲೆ ಮೊಣಕೈ ಊರಿಕೊಂಡು. ಮಗಳು ಸೆಕೆಂಡ್ ಪಿಯು. ಸಿಇಟಿ ಬರೆಯಲೇಬೇಕು, ಜೆಇಇಯನ್ನೂ ಒಂದು ಕೈ ನೋಡೇಬಿಡೋಣ ಅನ್ನುವ ಹುಡುಗಿ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತಳಾದವಳು ಅಂತ ತಿಪಟೂರಿನ ನಮ್ಮ ಬೀದಿಗೆಲ್ಲ ಗೊತ್ತು. ಪರೀಕ್ಷೆ ಹತ್ತಿರ ಬಂತೆಂದರೆ ತಾಯಂದಿರ ದುಗುಡವೆಲ್ಲ ಈ ಕಾಂಪೌಂಡಿಗೇ ಬರುತ್ತದೆ. ಬರಲಿ, ನನಗೂ ಅದು ಬೇಕು.

"ನೂರಾ? ನೂರು ಹೇಗಮ್ಮಾ ಮಾಡಕ್ಕಾಗುತ್ತೆ?" ಅಂದೆ. ಲೆಕ್ಕಕ್ಕೆ ಐದು ನಿಮಿಷ ಅಂತ ಹಿಡಿದರೂ ಐನೂರು ನಿಮಿಷ, ಅಂದರೆ ಎಂಟು ಗಂಟೆ ಇಪ್ಪತ್ತು ನಿಮಿಷ. ಕಾಲೇಜು, ಲ್ಯಾಬು, ಊಟ, ನಿದ್ದೆ ಕಳೆದ ಮೇಲೆ ಅಷ್ಟು ಹೊತ್ತು ಯಾವ ಮಗುವಿಗೆ ಉಳಿಯುತ್ತದೆ? ಉಳಿದರೂ ತಲೆ ಕೇಳಬೇಕಲ್ಲ. ನೋಟ್‌ಬುಕ್ ತಗೊಂಡು ಬರಕ್ಕೆ ಹೇಳು ಅಂದೆ.

ಪುಟ್ಟಿ ತಂದಳು. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಪ್ರತಿ ಲೆಕ್ಕದ ಪಕ್ಕ ಕೆಂಪು ಪೆನ್ನಿನಲ್ಲಿ ಟಿಕ್. ಒಂದೇ ಒಂದು ಕಡೆ ಹೊಡೆದು ಹಾಕಿದ ಗೀಟಿಲ್ಲ, ಮಾರ್ಜಿನ್ನಿನಲ್ಲಿ ಗೀಚಿದ್ದಿಲ್ಲ, ಚಿತ್ರವಿಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿ. ಲೆಕ್ಕ ಬಿಡಿಸಿದ ಪುಟ ಅಷ್ಟು ಚೊಕ್ಕಟವಾಗಿರುವುದಿಲ್ಲ. "ಇದನ್ನ ಹೇಗೆ ಮಾಡಿದೆ, ಹೇಳು" ಅಂದೆ. ಹುಡುಗಿ ಮುಚ್ಚುಮರೆ ಮಾಡಲಿಲ್ಲ. ಪ್ರಶ್ನೆ ಓದಿದಳಂತೆ, ಯಾವ ಫಾರ್ಮುಲಾ ಅಂತ ಯೋಚಿಸಿದಳಂತೆ, ಹೊಳೆಯಲಿಲ್ಲವಂತೆ, ಹಿಂದಿನ ಪುಟದ ಸಲ್ಯೂಶನ್ ನೋಡಿದಳಂತೆ, ಅರ್ಥವಾಯಿತಂತೆ, ಬರೆದುಕೊಂಡಳಂತೆ. "ಎಷ್ಟು ಹೊತ್ತು ಯೋಚಿಸಿದೆ?" "ಒಂದು ನಿಮಿಷ ಇರಬಹುದು ಮೇಡಂ."

ನೋಡಿ, ಅಲ್ಲೇ ಇರುವುದು ವಿಷಯ. ಪಿಯು ಮಟ್ಟದ ಬಹುಪಾಲು ಲೆಕ್ಕಗಳಲ್ಲಿ ಮೊದಲನೇ ಸಾಲೇ ಲೆಕ್ಕ. ಯಾವುದನ್ನು ಸಮೀಕರಣ ಮಾಡಬೇಕು, ಎಲ್ಲಿ ನಿಂತು ನೋಡಬೇಕು, ಶಕ್ತಿಯ ನಿಯಮವೋ ಬಲದ ನಿಯಮವೋ, ಇದು ತೀರ್ಮಾನವಾದರೆ ಮಿಕ್ಕದ್ದು ಕೂಡಿ ಕಳೆಯುವುದು, ಗುಣಿಸಿ ಭಾಗಿಸುವುದು. ಸಲ್ಯೂಶನ್ ಬರೆದವರು ಆ ಮೊದಲನೇ ಸಾಲನ್ನು ಕೈಗೆ ಕೊಟ್ಟುಬಿಡುತ್ತಾರೆ. ಓದಿದ ಮಗುವಿಗೆ ಎರಡನೆಯ ಸಾಲಿನಿಂದ ಎಲ್ಲವೂ ಅರ್ಥವಾಗುತ್ತದೆ, "ಓ, ಇಷ್ಟೇನಾ" ಅನ್ನಿಸುತ್ತದೆ, ಟಿಕ್ ಬೀಳುತ್ತದೆ. ಪರೀಕ್ಷೆಯ ಹಾಲಿನಲ್ಲಿ ಆ ಮೊದಲನೇ ಸಾಲನ್ನು ಕೊಡಲು ಯಾರೂ ಬರುವುದಿಲ್ಲ. ಫೋನಿನಲ್ಲಿ ನೋಡುವ ಪಾಠಗಳದ್ದೂ ಇದೇ ಕಥೆ. ಚೆನ್ನಾಗಿ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ಅವರ ಶ್ರಮಕ್ಕೆ ಕೈ ಮುಗಿಯುತ್ತೇನೆ. ಆದರೆ ಅವರು ಬಿಡಿಸುವಾಗ ಕೆಲಸ ಮಾಡುವುದು ಅವರ ತಲೆ.

"ಕಾಯಿ ಸುಲಿಯೋದನ್ನ ವರ್ಷಗಟ್ಟಲೆ ನೋಡ್ತಾ ಕೂತ್ರೂ ಕೈಗೆ ಬರಲ್ಲ ಬಿಡಿ" ಅಂದಳು ತಾಯಿ. ಕೊಬ್ಬರಿ ವ್ಯವಹಾರದ ಮನೆ ಅವರದ್ದು, ಅಟ್ಟದ ಮೇಲೆ ವರ್ಷವಿಡೀ ಕಾಯಿ. ಅವಳ ಮಾತಿಗೆ ನಾನು ಸೇರಿಸುವುದೇನೂ ಇರಲಿಲ್ಲ.

ಪುಸ್ತಕ ಮುಚ್ಚಿಸಿ ಒಂದು ಲೆಕ್ಕ ಕೊಟ್ಟೆ. ಒಂದು ಕಲ್ಲನ್ನು ನೇರ ಮೇಲಕ್ಕೆ ಎಸೆದಿದ್ದಾರೆ. ಎಸೆದು 1 ಸೆಕೆಂಡ್ ಆದಾಗ ಅದು ತೆಂಗಿನ ಮರದ ಸುಳಿಯ ಮಟ್ಟ ದಾಟಿ ಮೇಲೆ ಹೋಯಿತು, 4 ಸೆಕೆಂಡ್ ಆದಾಗ ಅದೇ ಮಟ್ಟ ದಾಟಿ ಕೆಳಗೆ ಬಂತು. ಮರದ ಎತ್ತರ ಎಷ್ಟು? ಗಾಳಿಯ ಮಾತು ಬೇಡ, ಜಿ ಬೆಲೆ 10 ಅಂತ ಇಟ್ಟುಕೋ.

"ಯು ಕೊಟ್ಟಿಲ್ಲ ಮೇಡಂ." ಮೊದಲ ಮಾತೇ ಅದು. ಆರಂಭದ ವೇಗ ಕೊಟ್ಟಿಲ್ಲ, ಆದ್ದರಿಂದ ಲೆಕ್ಕವೇ ತಪ್ಪು ಅನ್ನುವ ಧ್ವನಿ. ನಾನು ಸುಮ್ಮನಿದ್ದೆ. ಮೇಷ್ಟ್ರುಗಳಿಗೆ ತೀರಾ ಕಷ್ಟವಾದದ್ದು ಈ ಸುಮ್ಮನಿರುವುದು. ಬಾಯಿ ತುದಿಗೆ ಸುಳಿವು ಬಂದು ನಿಂತಿರುತ್ತದೆ. ಹುಡುಗಿ ಚಲನೆಯ ಮೂರು ಸಮೀಕರಣ ಬರೆದಳು, ಒಂದರಲ್ಲಿ ಸಂಖ್ಯೆ ತುಂಬಿದಳು, ಎರಡು ಅವ್ಯಕ್ತ ಉಳಿದವು, ಹೊಡೆದು ಹಾಕಿದಳು. ಆ ನೋಟ್‌ಬುಕ್ಕಿನ ಮೊದಲ ಗೀಟು ಅದೇ ಇರಬೇಕು. ನನಗೆ ಸಂತೋಷವಾಯಿತು. ಆಮೇಲೆ ತಾನಾಗಿಯೇ ಒಂದು ಚಿತ್ರ ಬರೆದಳು: ನೆಲ, ಮರ, ಮೇಲೆ ಹೋಗುವ ಗೀಟು, ಕೆಳಗೆ ಬರುವ ಗೀಟು, ಎರಡು ಕಡೆ 1, 4 ಅಂತ ಗುರುತು. ನೋಡುತ್ತಾ ಕೂತಳು. ಅಮ್ಮ ಒಳಗೆ ಹೋಗಿ ಒಲೆಯ ಮೇಲಿನ ಹಾಲು ಇಳಿಸಿ ಬಂದಳು.

"ಹತ್ತೋದು ಇಳಿಯೋದು ಒಂದೇ ಥರ ಅಲ್ವಾ ಮೇಡಂ? ಅಂದ್ರೆ ತುದಿ ಮುಟ್ಟೋದು ಮಧ್ಯದಲ್ಲಿ, ಎರಡೂವರೆ ಸೆಕೆಂಡಿಗೆ!"

ಆಯಿತು, ಬೀಗ ಬಿಚ್ಚಿತು. ತುದಿಯಲ್ಲಿ ವೇಗ ಸೊನ್ನೆ, ಸೆಕೆಂಡಿಗೆ 10ರಂತೆ ವೇಗ ಇಳಿಯುತ್ತದೆ, ಎರಡೂವರೆ ಸೆಕೆಂಡಿಗೆ ಸೊನ್ನೆಯಾಗಬೇಕಾದರೆ ಹೊರಟಾಗ 25 ಇತ್ತು. ಮೊದಲ ಸೆಕೆಂಡಿನಲ್ಲಿ ಏರಿದ್ದು 25ರಲ್ಲಿ 5 ಕಳೆದು 20 ಮೀಟರ್. ನಮ್ಮ ಕಡೆಯ ತಿಪಟೂರು ಟಾಲ್ ತಳಿಯ ಹಳೆಯ ಮರಕ್ಕೆ ಒಪ್ಪುವ ಎತ್ತರವೇ. ಹುಡುಗಿ ಟಿಕ್ ಹಾಕಲು ಪೆನ್ನು ಎತ್ತಿದಳು. ನಾನು ತಡೆದೆ. ಯು ಕಂಡುಹಿಡಿಯದೆ ಮಾಡಕ್ಕಾಗುತ್ತಾ ನೋಡು ಅಂದೆ.

ಈ ಸಲ ಹೆಚ್ಚು ಹೊತ್ತು ಹಿಡಿಯಿತು. ಒಂದು ಸುಳಿವು ಮಾತ್ರ ಕೊಟ್ಟೆ: ಒಂದೇ ಎತ್ತರಕ್ಕೆ ಎರಡು ಸಮಯ ಇದೆಯಲ್ಲ, ಮ್ಯಾಥ್ಸ್ ಕ್ಲಾಸಿನಲ್ಲಿ ಒಂದೇ ಸಮೀಕರಣಕ್ಕೆ ಎರಡು ಉತ್ತರ ಬರುವುದು ಯಾವಾಗ? ಹುಡುಗಿಯ ಕಣ್ಣು ಅರಳಿತು. ಎತ್ತರದ ಸಮೀಕರಣವನ್ನು ತಿರುಗಿಸಿ ಬರೆದಳು: ಅರ್ಧ ಜಿ ಟಿ ಸ್ಕ್ವೇರ್, ಮೈನಸ್ ಯು ಟಿ, ಪ್ಲಸ್ ಹೆಚ್, ಈಕ್ವಲ್ ಟು ಸೊನ್ನೆ. ಇದು ಟಿಗೆ ವರ್ಗ ಸಮೀಕರಣ. ಮೂಲಗಳು 1 ಮತ್ತು 4. ಮೂಲಗಳ ಗುಣಲಬ್ಧ ಅಂದರೆ ಕೊನೆಯ ಪದವನ್ನು ಮೊದಲ ಪದದ ಸಹಗುಣಕದಿಂದ ಭಾಗಿಸಿದ್ದು. ಹಾಗಾಗಿ ಎತ್ತರ ಅಂದರೆ ಜಿ ಅರ್ಧ ಮಾಡಿ ಎರಡೂ ಸಮಯಗಳಿಂದ ಗುಣಿಸಿದರಾಯಿತು: 5 ಗುಣಿಸು 1 ಗುಣಿಸು 4, 20 ಮೀಟರ್. ಯು ಬೇಕಾಗಲೇ ಇಲ್ಲ. ಒಂದೇ ಸಾಲಿನಲ್ಲಿ ಉತ್ತರ. ಇನ್ನೂ ಒಂದು ದಾರಿಯಿದೆ, ತುದಿಯಿಂದ ಕೆಳಕ್ಕೆ ಬಿದ್ದ ಹಾಗೆ ನೋಡಬಹುದು: ತುದಿಯಿಂದ ನೆಲಕ್ಕೆ ಎರಡೂವರೆ ಸೆಕೆಂಡು, 31.25 ಮೀಟರ್, ತುದಿಯಿಂದ ಸುಳಿಯ ಮಟ್ಟಕ್ಕೆ ಒಂದೂವರೆ ಸೆಕೆಂಡು, 11.25 ಮೀಟರ್, ವ್ಯತ್ಯಾಸ ಮತ್ತೆ 20. ಅದನ್ನು ಪುಟ್ಟಿ ಸರಾಗವಾಗಿ ಮಾಡಿದಳು.

ಮುಕ್ಕಾಲು ಗಂಟೆ ಹಿಡಿಯಿತು ಈ ಒಂದು ಲೆಕ್ಕಕ್ಕೆ. ಅಮ್ಮನಿಗೆ ಒಳಗೊಳಗೇ ಕಸಿವಿಸಿ, "ಹೀಗೆ ಒಂದೊಂದಕ್ಕೆ ಮುಕ್ಕಾಲು ಗಂಟೆ ಆದ್ರೆ ಸಿಲಬಸ್ ಮುಗಿಯೋದು ಯಾವಾಗ ಮೇಡಂ?" ಅಂದಳು. ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು: ಈ ಮುಕ್ಕಾಲು ಗಂಟೆಯಲ್ಲಿ ಅವಳಿಗೆ ಸಿಕ್ಕದ್ದು ಒಂದು ಉತ್ತರವಲ್ಲ. ಏರಿಳಿತ ಸಮವಾಗಿದ್ದಲ್ಲೆಲ್ಲ ಮಧ್ಯವನ್ನು ಹುಡುಕಬೇಕು ಅನ್ನುವುದು ಸಿಕ್ಕಿತು. ಒಂದೇ ಜಾಗಕ್ಕೆ ಎರಡು ಸಮಯ ಬಂದರೆ ವರ್ಗ ಸಮೀಕರಣದ ಮೂಲಗಳನ್ನು ನೆನೆಯಬೇಕು ಅನ್ನುವುದು ಸಿಕ್ಕಿತು. ಕೊಟ್ಟಿಲ್ಲದ್ದು ಬೇಕಿಲ್ಲದ್ದೂ ಆಗಿರಬಹುದು ಅನ್ನುವುದು ಸಿಕ್ಕಿತು. ಇಂಥ ಹತ್ತಿಪ್ಪತ್ತು ಲೆಕ್ಕ ಪ್ರತಿ ಅಧ್ಯಾಯದಲ್ಲಿ ಗಟ್ಟಿಯಾಗಿ ಕೂತರೆ ಮಿಕ್ಕ ಇನ್ನೂರು ಲೆಕ್ಕ ಅವುಗಳ ಅಣ್ಣತಮ್ಮಂದಿರೇ, ನೋಡಿದ ಕೂಡಲೇ ಗುರುತು ಸಿಗುತ್ತದೆ. ವೇಗ ಅನ್ನುವುದು ಗುರುತು ಸಿಕ್ಕ ಮೇಲೆ ಬರುವಂಥದ್ದು. ಗಡಿಯಾರ ಮುಂದಿಟ್ಟುಕೊಂಡು ಮೊದಲ ದಿನವೇ ಓಡಲು ಹೊರಟ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಪಾಪ, ದಣಿಯುತ್ತಾರೆ, ತಲುಪುವುದಿಲ್ಲ.

ಹಾಗಂತ ಒಂದು ಲೆಕ್ಕದ ಮುಂದೆ ಇಡೀ ದಿನ ತಲೆ ಚಚ್ಚಿಕೊಳ್ಳಬೇಕು ಅಂತಲ್ಲ. ಇಪ್ಪತ್ತು ನಿಮಿಷ ಮನಸ್ಸಿಟ್ಟು ನೋಡಲಿ. ಚಿತ್ರ ಬರೆಯಲಿ, ಕೊಟ್ಟದ್ದನ್ನೆಲ್ಲ ಚಿತ್ರದ ಮೇಲೆ ಗುರುತು ಮಾಡಲಿ, ಕಷ್ಟದ ಸಂಖ್ಯೆ ಇದ್ದ ಕಡೆ ಸುಲಭದ ಸಂಖ್ಯೆ ಹಾಕಿ ನೋಡಲಿ. ಜಪ್ಪಯ್ಯ ಅಂದರೂ ಬರದಿದ್ದರೆ ಎದ್ದು ಬೇರೆ ವಿಷಯಕ್ಕೆ ಹೋಗಲಿ. ರಾತ್ರಿ ಮಲಗಿ ಬೆಳಿಗ್ಗೆ ನೋಡಿದರೆ ಎಷ್ಟೋ ಲೆಕ್ಕಗಳು ತಾವೇ ಬಿಡುತ್ತವೆ. ಯಾಕೆ ಅಂತ ಕೇಳಿದರೆ ನಾನು ವಿವರಿಸಲಾರೆ, ಆದರೆ ಪಾಠ ಹೇಳಿದ ಅಷ್ಟೂ ವರ್ಷ ಕಂಡಿದ್ದೇನೆ. ಆಗಲೂ ಬರದಿದ್ದರೆ ಸಲ್ಯೂಶನ್ ತೆಗೆದು, ಮೇಲೊಂದು ಕಾಗದ ಮುಚ್ಚಿ, ಮೊದಲ ಸಾಲು ಮಾತ್ರ ನೋಡಲಿ. ಮತ್ತೆ ಮುಚ್ಚಿ ಮುಂದಿನದನ್ನು ತಾವೇ ಮಾಡಲಿ. ಎಲ್ಲ ಮುಗಿದ ಮೇಲೆ ಎರಡು ನಿಮಿಷ ಹಿಂತಿರುಗಿ ನೋಡಲಿ: ನನಗೆ ಯಾಕೆ ಹೊಳೆಯಲಿಲ್ಲ? ಜಾರ್ಜ್ ಪೋಲ್ಯಾ ಅನ್ನುವ ಹಂಗೇರಿಯ ಗಣಿತಜ್ಞರು 1945ರಲ್ಲಿ ಲೆಕ್ಕ ಬಿಡಿಸುವ ಬಗ್ಗೆಯೇ ಒಂದು ಪುಸ್ತಕ ಬರೆದರು. ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಆ ದಾರಿಯಲ್ಲಿ ನಡೆಯುವುದು, ಕೊನೆಗೆ ಹಿಂತಿರುಗಿ ನೋಡುವುದು ಅಂತ ನಾಲ್ಕು ಹಂತ ಅವರದ್ದು. ನಮ್ಮ ಮಕ್ಕಳು ಮೂರನೆಯದನ್ನು ಮಾತ್ರ ಮಾಡುತ್ತಾರೆ. ನನ್ನ ಮಟ್ಟಿಗೆ ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು.

ಪುಸ್ತಕದ ಮಾತು ಬಂತಲ್ಲ, ಇಂಥ ಲೆಕ್ಕಗಳ ಪುಸ್ತಕ ನಮ್ಮ ನಾಡಿಗೆ ಕೋಚಿಂಗ್ ಸೆಂಟರಿನ ಜೊತೆ ಬಂದದ್ದಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ, ಅದರ ತುಂಬ ಅಭ್ಯಾಸದ ಲೆಕ್ಕಗಳು. ಹರಿದು ಚೆದುರಿದ ಮುತ್ತಿನ ಹಾರದಲ್ಲಿ ಎಷ್ಟು ಮುತ್ತಿದ್ದವು ಅಂತ ಕೇಳುವ ಲೆಕ್ಕ ಅದರಲ್ಲೇ ಇರುವುದು. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. 1150ರ ಸುಮಾರಿನ ಭಾಸ್ಕರಾಚಾರ್ಯರ ಲೀಲಾವತಿಯ ತಾವರೆ ಲೆಕ್ಕವನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಕೊಡುತ್ತಿದ್ದೆ. ಕೊಳದ ನೀರಿನ ಮೇಲೆ ಅರ್ಧ ಮೊಳ ಎದ್ದು ನಿಂತ ತಾವರೆ ಗಾಳಿಗೆ ಬಾಗಿ ಎರಡು ಮೊಳ ದೂರದಲ್ಲಿ ನೀರಿನಲ್ಲಿ ಮುಳುಗಿತು, ಕೊಳದ ಆಳ ಎಷ್ಟು? ಚಿತ್ರ ಬರೆದವರಿಗೆ ಲಂಬಕೋನ ತ್ರಿಭುಜ ಕಾಣುತ್ತದೆ, ಮೂರೂ ಮುಕ್ಕಾಲು ಮೊಳ ಅನ್ನುವ ಉತ್ತರ ಬರುತ್ತದೆ. ಚಿತ್ರ ಬರೆಯದವರು ಗಾಳಿಯ ವೇಗ ಕೊಟ್ಟಿಲ್ಲ ಅನ್ನುತ್ತಾರೆ!

ನಮ್ಮ ಕಾಲದಲ್ಲಿ ಓದಿದ ಲೋನಿಯವರ ತ್ರಿಕೋನಮಿತಿ, ಹಾಲ್ ಮತ್ತು ನೈಟ್ ಅವರ ಬೀಜಗಣಿತ, ಎರಡೂ 19ನೇ ಶತಮಾನದ ಇಂಗ್ಲೆಂಡಿನ ಪುಸ್ತಕಗಳು, ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತವೆ. ಮಾಸ್ಕೋದ ಮಿರ್ ಪ್ರಕಾಶನದವರು ಅಗ್ಗದ ಬೆಲೆಗೆ ತಂದ ಇರೊಡೊವ್ ಫಿಸಿಕ್ಸ್ ಲೆಕ್ಕಗಳು ಒಂದು ತಲೆಮಾರಿನ ಹುಡುಗರ ನಿದ್ದೆ ಕೆಡಿಸಿದವು. ಆಮೇಲೆ ಕಾನ್ಪುರ ಐಐಟಿಯಲ್ಲಿ ಪಾಠ ಮಾಡಿದ ಹೆಚ್.ಸಿ. ವರ್ಮಾ ಅವರ ಎರಡು ಸಂಪುಟ ಬಂತು. ಪುಟ್ಟಿಗೆ ನಾನು ಹೇಳುವುದು: ಮೊದಲು ಎನ್‌ಸಿಇಆರ್‌ಟಿ ಪುಸ್ತಕದ ಪಾಠ, ಅದರ ಉದಾಹರಣೆ, ಅದರ ಅಭ್ಯಾಸ. ಆಮೇಲೆ ವರ್ಮಾ. ಸಿಇಟಿಗೆ ಇರೊಡೊವ್ ಬೇಡವೇ ಬೇಡ. ಆಸೆಯಿದ್ದರೆ ರಜೆಯಲ್ಲಿ ಖುಷಿಗೆ ನೋಡಲಿ. ಮನೆಯಲ್ಲಿ ಆರು ಕಂಪನಿಯ ಮೆಟೀರಿಯಲ್ ರಾಶಿ ಹಾಕಿಕೊಂಡು ಯಾವುದನ್ನೂ ಮುಗಿಸದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಷ್ಟು ದುಡ್ಡು ಹಾಕಿದ ತಂದೆತಾಯಿಯನ್ನು ಕಂಡರೆ ಇನ್ನೂ.

ಕೆಮಿಸ್ಟ್ರಿಯದ್ದೂ ಒಂದು ಹೇಳಿಬಿಡುತ್ತೇನೆ. ಹತ್ತರ ಮೈನಸ್ ಎಂಟನೇ ಘಾತದಷ್ಟು ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ ದ್ರಾವಣ ಇದೆ, ಪಿಹೆಚ್ ಎಷ್ಟು? ಫಾರ್ಮುಲಾಕ್ಕೆ ಹಾಕಿದರೆ 8 ಬರುತ್ತದೆ, ಆಯ್ಕೆಗಳಲ್ಲಿ 8 ಕೂಡ ಇರುತ್ತದೆ, ಗುಂಡು ತುಂಬಿ ಮುಂದೆ ಹೋಗುತ್ತಾರೆ. ಒಂದು ಕ್ಷಣ ನಿಂತು ಕೇಳಿಕೊಂಡರೆ ಸಾಕಿತ್ತು: ನೀರಿಗೆ ಆಸಿಡ್ ಬೆರೆಸಿದರೆ ಅದು ಪ್ರತ್ಯಾಮ್ಲ ಆಗುವುದುಂಟೇ? ಇಲ್ಲಿ ಆಸಿಡ್ ಎಷ್ಟು ತೆಳುವೆಂದರೆ ನೀರಿನದೇ ಹೈಡ್ರೋಜನ್ ಅಯಾನುಗಳನ್ನು ಲೆಕ್ಕಕ್ಕೆ ತಗೊಳ್ಳಬೇಕು. ತಗೊಂಡರೆ 6.98 ಬರುತ್ತದೆ, ಏಳಕ್ಕಿಂತ ಒಂದು ಕೂದಲು ಕಡಿಮೆ. ಉತ್ತರ ಬಂದ ಮೇಲೆ ಅದು ಲೋಕಕ್ಕೆ ಒಪ್ಪುತ್ತದೆಯೇ ಅಂತ ನೋಡುವ ಅಭ್ಯಾಸ ಫಾರ್ಮುಲಾ ಬಾಯಿಪಾಠಕ್ಕಿಂತ ಎಷ್ಟೋ ಮೇಲು. ಫಿಸಿಕ್ಸಿನಲ್ಲೂ ಅಷ್ಟೇ: ರಾಟೆಯ ಎರಡು ಕಡೆ ಬೇರೆ ಬೇರೆ ತೂಕ ತೂಗುಹಾಕಿ ವೇಗೋತ್ಕರ್ಷದ ಸೂತ್ರ ಕೇಳಿದ್ದರೆ, ಎರಡೂ ತೂಕ ಸಮ ಅಂತ ಇಟ್ಟಾಗ ಅದು ಸೊನ್ನೆ ಬರಬೇಕು. ನಾಲ್ಕು ಆಯ್ಕೆಗಳಲ್ಲಿ ಸೊನ್ನೆ ಕೊಡದವುಗಳನ್ನು ಲೆಕ್ಕ ಮಾಡದೆಯೇ ಹೊಡೆದು ಹಾಕಬಹುದು. ಇದನ್ನು ಅಡ್ಡದಾರಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿಜ್ಞಾನ ಓದಿದವರು ಯೋಚಿಸಬೇಕಾದ ರೀತಿಯೇ ಅದು.

ಇನ್ನು ಕೀ ಆನ್ಸರ್ ವಿಷಯ. ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಒಂದು ಕಡೆ ನನ್ನ ಕಣ್ಣು ನಿಂತಿತು. ಹೋಗುವಾಗ ಗಂಟೆಗೆ 40 ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ 60, ಸರಾಸರಿ ವೇಗ ಎಷ್ಟು ಅನ್ನುವ ಹಳೆಯ ಲೆಕ್ಕ. ಮೊದಲು 48 ಅಂತ ಬರೆದು, ಆಮೇಲೆ ವೈಟ್ನರ್ ಬಳಿದು 50 ಅಂತ ತಿದ್ದಿದ್ದಾಳೆ. ಬೆಳಕಿಗೆ ಹಿಡಿದರೆ ಕೆಳಗಿನ 48 ಕಾಣುತ್ತದೆ. "ಯಾಕೆ ತಿದ್ದಿದೆ?" "ಗೈಡಲ್ಲಿ 50 ಅಂತ ಇತ್ತು ಮೇಡಂ." ಯಾವ ಗೈಡು ಅನ್ನುವುದು ಬೇಡ, ಅಚ್ಚಿನ ತಪ್ಪು ಎಲ್ಲರಿಂದಲೂ ಆಗುತ್ತದೆ. 120 ಕಿಲೋಮೀಟರ್ ದೂರ ಅಂತ ಹಿಡಿ ಅಂದೆ. ಹೋಗಲು 3 ಗಂಟೆ, ಬರಲು 2 ಗಂಟೆ, ಒಟ್ಟು 240 ಕಿಲೋಮೀಟರಿಗೆ 5 ಗಂಟೆ, 48. ಹುಡುಗಿ ಸರಿಯಾಗಿಯೇ ಮಾಡಿದ್ದಳು! ತನ್ನ ಲೆಕ್ಕಕ್ಕಿಂತ ಅಚ್ಚಾದ ಅಕ್ಷರವನ್ನು ನಂಬಿ ಸರಿಯನ್ನು ತಪ್ಪು ಮಾಡಿಕೊಂಡಿದ್ದಾಳೆ. ನನಗೆ ಆ ಹೊತ್ತು ಬೇಜಾರಾದದ್ದು ಅಷ್ಟಿಷ್ಟಲ್ಲ. ನೂರು ಸಲ್ಯೂಶನ್ ಓದಿದರೆ ಆಗುವ ಕೆಟ್ಟದ್ದು ಇದೇ, ಮಗುವಿಗೆ ತನ್ನ ತಲೆಯ ಮೇಲಿನ ನಂಬಿಕೆ ಹೋಗಿಬಿಡುತ್ತದೆ.

"ಸರ್ಕಾರದ ಕೀಯನ್ನೇ ಪ್ರಶ್ನೆ ಮಾಡಬಹುದು, ಗೊತ್ತಾ?" ಅಂದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಆದ ಮೇಲೆ ಮೊದಲು ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ. ಆಧಾರ ಕೊಟ್ಟು ಆಕ್ಷೇಪಿಸಬಹುದು, ತಜ್ಞರು ನೋಡಿದ ಮೇಲೆ ಅಂತಿಮ ಕೀ ಬರುತ್ತದೆ. 2024ರಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದಿವೆ ಅಂತ ವಿದ್ಯಾರ್ಥಿಗಳು, ಉಪನ್ಯಾಸಕರು ದನಿ ಎತ್ತಿದ್ದರಿಂದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಪಠ್ಯವನ್ನು ಸಾಲು ಸಾಲಾಗಿ ಓದಿಕೊಂಡಿದ್ದವರಿಗೆ ಮಾತ್ರ ಹಾಗೆ ಕೇಳುವ ಧೈರ್ಯ ಬರುವುದು.

ಅಷ್ಟರಲ್ಲಿ ಅಮ್ಮನಿಗೆ ಗಡಿಯಾರದ ಚಿಂತೆ ಮತ್ತೆ ಹತ್ತಿತ್ತು. ಅದನ್ನೂ ಮಾತಾಡಿಕೊಂಡೆವು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡು, ಓಎಂಆರ್ ತುಂಬುವುದೂ ಅದರೊಳಗೇ. ಕಾಮೆಡ್‌-ಕೆ ಪರೀಕ್ಷೆಯಲ್ಲಿ 180 ಪ್ರಶ್ನೆ, ಮೂರು ಗಂಟೆ, ನಿಮಿಷಕ್ಕೊಂದು. ಜೆಇಇ ಮೇನ್‌ನಲ್ಲಿ ಮೂರೂ ವಿಷಯ ಸೇರಿ 75 ಪ್ರಶ್ನೆ, ಮೂರು ಗಂಟೆ, ಒಂದಕ್ಕೆ ಸುಮಾರು ಎರಡೂವರೆ ನಿಮಿಷ. ಆದರೆ ಪ್ರಶ್ನೆಗಳು ಒಂದು ಕೈ ಮೇಲೆ. ಹಾಗಾಗಿ ಕೊನೆಯ ಎರಡು ತಿಂಗಳಾದರೂ ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು, ಪೆನ್ನಿನಲ್ಲಿ ಗುಂಡು ತುಂಬಿ, ಎದ್ದು ನೀರು ಕುಡಿಯಲೂ ಹೋಗದೆ ಬರೆಯಬೇಕು. ಮೊದಲ ಸುತ್ತಿನಲ್ಲಿ ಕಂಡ ಕೂಡಲೇ ಬರುವುದನ್ನು ಮಾಡಿ, ಕಾಡುವುದನ್ನು ಗುರುತು ಮಾಡಿ ಬಿಟ್ಟು ಮುಂದೆ ಹೋಗಬೇಕು. ಮನೆಯಲ್ಲಿ ಲೆಕ್ಕವನ್ನು ಬಿಡದೆ ಹಿಡಿಯುವುದು, ಹಾಲಿನಲ್ಲಿ ಸಲೀಸಾಗಿ ಬಿಟ್ಟು ಹೋಗುವುದು, ಎರಡನ್ನೂ ಕಲಿಯಬೇಕು.

"ಗೊತ್ತಿಲ್ದಿದ್ರೆ ಬಿಟ್ಟುಬಿಡು ಅಂತ ಇವಳಿಗೆ ಹೇಳಿದೀನಿ" ಅಂದಳು ತಾಯಿ. ಇಲ್ಲಮ್ಮ, ಸಿಇಟಿಯಲ್ಲಿ ಬಿಡಬಾರದು. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, 60ರಲ್ಲಿ ಒಂದು ಗುಂಡೂ ಖಾಲಿ ಇರಕೂಡದು. ಜೆಇಇಯ ಆಯ್ಕೆಯ ಪ್ರಶ್ನೆಗೆ ಸರಿಯಾದರೆ 4, ತಪ್ಪಾದರೆ 1 ಕಳೆಯುತ್ತಾರೆ. ಪುಟ್ಟಿ, ಇದನ್ನೇ ಒಂದು ಸಂಭವನೀಯತೆಯ ಲೆಕ್ಕ ಮಾಡು ಅಂದೆ. ಕಣ್ಣು ಮುಚ್ಚಿ ಹಾಕಿದರೆ ನಾಲ್ಕರಲ್ಲಿ ಒಂದು ಸಲ 4 ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ಸರಾಸರಿ ಕಾಲು ಅಂಕದ ಲಾಭ, ಅದನ್ನು ನಂಬಿಕೊಂಡು ಕೂರುವಂತಿಲ್ಲ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಲು ಬಂದರೆ ಮಾತ್ರ ಕಥೆ ಬೇರೆ, ಸರಾಸರಿ ಒಂದೂವರೆ ಅಂಕ. ತಳ್ಳಿಹಾಕಲು ಬರಬೇಕಾದರೆ ಮತ್ತೆ ಅದೇ, ಉತ್ತರ ಲೋಕಕ್ಕೆ ಒಪ್ಪುತ್ತದೆಯೇ ಅಂತ ನೋಡುವ ಬುದ್ಧಿ ಬೇಕು.

ಹಳ್ಳಿಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ನನ್ನ ಕ್ಲಾಸಿನಲ್ಲಿ ಅಂಥವರೇ ಹೆಚ್ಚಿದ್ದರು. ಫಸ್ಟ್ ಪಿಯು ಮೊದಲ ಮೂರು ತಿಂಗಳು ಅವರು ಪ್ರಶ್ನೆಯ ಇಂಗ್ಲಿಷ್‌ನಲ್ಲೇ ಎಡವುತ್ತಾರೆ, ತಾವು ದಡ್ಡರು ಅಂದುಕೊಳ್ಳುತ್ತಾರೆ. ಅವರಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ಚಿತ್ರ ಬರೆಯುವುದನ್ನು. ಇಳಿಜಾರು ಹಲಗೆ, ಅದರ ಮೇಲೊಂದು ಡಬ್ಬ, ಮೂರು ಬಾಣದ ಗುರುತು ಬರೆದರೆ ಅಲ್ಲಿಗೆ ಭಾಷೆಯ ಕೆಲಸ ಮುಗಿಯಿತು. 2021ರಿಂದ ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಹದಿಮೂರು ಭಾಷೆಗಳಲ್ಲಿ ನಮ್ಮದೂ ಒಂದು. ಬೇಕಾದವರು ಕೇಳಿ ಪಡೆಯಬೇಕು. ಅದರಲ್ಲಿ ಸಂಕೋಚ ಪಡುವುದೇನಿದೆ?

ಪುಟ್ಟಿಗೆ ಕೊನೆಯದಾಗಿ ಒಂದು ತೆಳು ನೋಟ್‌ಬುಕ್ ಬೇರೆ ಇಡಲು ಹೇಳಿದೆ. ಅದರಲ್ಲಿ ತಪ್ಪಾದ ಲೆಕ್ಕಗಳು ಮಾತ್ರ. ಪೂರ್ತಿ ಸಲ್ಯೂಶನ್ ಬೇಡ; ಪ್ರಶ್ನೆ, ಎಲ್ಲಿ ತಪ್ಪಿತು, ಯಾಕೆ ತಪ್ಪಿತು, ಅಷ್ಟೇ. ಸೆಂಟಿಮೀಟರನ್ನು ಮೀಟರ್ ಮಾಡಲು ಮರೆತದ್ದೋ, ಪ್ರಶ್ನೆಯ "ಅಲ್ಲ" ಅನ್ನುವ ಪದ ಓದದೇ ಹೋದದ್ದೋ, ಪಾಠವೇ ಅರ್ಥವಾಗದ್ದೋ. ಒಂದು ತಿಂಗಳು ಬರೆದರೆ ತನ್ನ ತಪ್ಪುಗಳು ಮೂರೋ ನಾಲ್ಕೋ ಬಗೆಯವು, ಅವೇ ಮತ್ತೆ ಮತ್ತೆ ಬರುತ್ತಿವೆ ಅಂತ ಅವಳಿಗೇ ಕಾಣುತ್ತದೆ. ಪಾಠವೇ ಅರ್ಥವಾಗದ ಕಡೆ ಇನ್ನಷ್ಟು ಲೆಕ್ಕ ಮಾಡಿ ಪ್ರಯೋಜನವಿಲ್ಲ, ಪಾಠಕ್ಕೇ ಹಿಂತಿರುಗಬೇಕು. ತಾಯಿಗೂ ಒಂದು ಮಾತು ಹೇಳಿದೆ. ಸಂಜೆ ಮಗಳನ್ನು "ಇವತ್ತು ಎಷ್ಟು ಲೆಕ್ಕ ಆಯ್ತು?" ಅಂತ ಕೇಳಬೇಡ, "ಇವತ್ತು ಯಾವ ಲೆಕ್ಕ ಕಾಡ್ತು?" ಅಂತ ಕೇಳು. ನಿನಗೆ ಅರ್ಥವಾಗದಿದ್ದರೂ ಕೂತು ಕೇಳು. ಅಮ್ಮನಿಗೆ ವಿವರಿಸಲು ಹೊರಟಾಗ ಮಕ್ಕಳಿಗೆ ಹೊಳೆಯುವುದುಂಟು. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ಪಿಯು ಬೋರ್ಡಿನ ಅಂಕ ಅರ್ಧ. ಹಾಗಾಗಿ ಒಂದು ಮಾಕ್ ಟೆಸ್ಟಿನಲ್ಲಿ ಕಡಿಮೆ ಬಂತು ಅಂತ ಮನೆಯಲ್ಲಿ ಸೂತಕದ ಮುಖ ಮಾಡುವುದು ಬೇಡ.

ತಾಯಿ ತಲೆಯಾಡಿಸಿದಳು. ಪುಟ್ಟಿ ಮಾತ್ರ ನಮ್ಮ ಮಾತು ಕೇಳುತ್ತಿರಲಿಲ್ಲ. ಅವಳು ಇನ್ನೂ ಆ ತೆಂಗಿನ ಮರದ ಚಿತ್ರವನ್ನೇ ನೋಡುತ್ತಿದ್ದಳು.

"ಮೇಡಂ, ಗಾಳಿ ಬೇಡ ಅಂದ್ರಲ್ಲ, ಗಾಳಿ ಇದ್ರೆ? ಹತ್ತೋದಕ್ಕೆ ಜಾಸ್ತಿ ಹೊತ್ತಾ, ಇಳಿಯೋದಕ್ಕಾ?"

ಯಾವ ಕ್ವೆಶ್ಚನ್ ಬ್ಯಾಂಕಿನಿಂದಲೂ ಎತ್ತಿದ ಪ್ರಶ್ನೆ ಅಲ್ಲ ಅದು. ನೀನೇ ಹೇಳು ಅಂದೆ. ಸ್ವಲ್ಪ ಹೊತ್ತು ಪೆನ್ನು ಕಚ್ಚಿದಳು. ಗಾಳಿಯ ತಡೆಯಿಂದ ದಾರಿಯುದ್ದಕ್ಕೂ ಶಕ್ತಿ ಸೋರುತ್ತಲೇ ಇರುತ್ತದೆ, ಹಾಗಾಗಿ ಯಾವ ಎತ್ತರದಲ್ಲಿ ನೋಡಿದರೂ ಹತ್ತುವಾಗ ಇದ್ದಷ್ಟು ವೇಗ ಇಳಿಯುವಾಗ ಇರುವುದಿಲ್ಲ, ಅಷ್ಟೇ ದೂರಕ್ಕೆ ಇಳಿಯುವಾಗ ಹೆಚ್ಚು ಹೊತ್ತು ಬೇಕು ಅಂದಳು. ಅಂದವಳೇ, ಚಿತ್ರದ ಮೇಲಿನ 1 ಮತ್ತು 4ರ ನಡುವೆ ಬೆರಳಿಟ್ಟಳು: "ಹಾಗಾದ್ರೆ ಆ ಎರಡೂವರೆ ಸೆಕೆಂಡು ಸುಳ್ಳಾಗುತ್ತೆ ಮೇಡಂ. ಕಲ್ಲು ಅದಕ್ಕಿಂತ ಮುಂಚೆನೇ ತುದಿ ಮುಟ್ಟಿರುತ್ತೆ. ಎಷ್ಟು ಮುಂಚೆ?"

ತಡೆ ವೇಗಕ್ಕೆ ತಕ್ಕಷ್ಟು ಅಂತ ಇಟ್ಟುಕೊಂಡರೆ ನಿನ್ನ ಸೆಕೆಂಡ್ ಪಿಯು ಮ್ಯಾಥ್ಸ್ ಪುಸ್ತಕದ ಡಿಫರೆನ್ಷಿಯಲ್ ಈಕ್ವೇಶನ್ ಅಧ್ಯಾಯ ಸಾಕು, ಮಾಡಿ ನೋಡು ಅಂದೆ.